ಎರಡು ಗೆರೆ ಬಂದ ಮೇಲೆ: ಸ್ತ್ರೀರೋಗ ತಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕಿಯಿಂದ: ಗರ್ಭದ ಮೊದಲ ಮೂರು ತಿಂಗಳ ತೊಂದರೆಗಳ ಬಗ್ಗೆ ಇಂದು ಮಂಗಳೂರಿನಲ್ಲಿ ಸೇವೆಯಲ್ಲಿರುವ ಸ್ತ್ರೀರೋಗ ತಜ್ಞೆಯೊಬ್ಬರು ಉತ್ತರಿಸುತ್ತಾರೆ. ಹೆಸರು, ಫೋನ್ ಸಂಖ್ಯೆ, ವರದಿಯ ಚಿತ್ರ ಹಾಕಬೇಡಿ. ಊರು ಬರೆದರೆ ಸಾಕು.

ಸುರತ್ಕಲ್‌ನಿಂದ: ಡಾಕ್ಟರೇ, ಕೊನೆಯ ಮುಟ್ಟಾಗಿ ಆರು ವಾರ ಕಳೆದಿದೆ. ಮನೆಯಲ್ಲೇ ಪರೀಕ್ಷೆ ಮಾಡಿದಾಗ ಎರಡು ಗೆರೆ ಬಂತು. ಎರಡು ದಿನದಿಂದ ಕಂದು ಬಣ್ಣದ ರಕ್ತ ಸ್ವಲ್ಪ ಸ್ವಲ್ಪ ಹೋಗುತ್ತಿದೆ. ಗಂಡ ಕುವೈತ್‌ನಲ್ಲಿದ್ದಾರೆ. ಮೂರು ತಿಂಗಳು ತುಂಬುವ ಮೊದಲು ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ಕೆಟ್ಟದು, ಮಲಗಿಕೊಂಡಿರು ಎಂದು ಅತ್ತೆ ಹೇಳುತ್ತಾರೆ. ಕಳೆದ ವಾರ ಪಪ್ಪಾಯಿ ತಿಂದಿದ್ದೆ. ಅದರಿಂದಲೇ ಹೀಗಾಯಿತೇ?

ಡಾಕ್ಟರ್: ಪಪ್ಪಾಯಿಯ ವಿಷಯ ಆಮೇಲೆ. ಮೊದಲು ಇಷ್ಟಕ್ಕೆ ಉತ್ತರಿಸಿ. ಹೊಟ್ಟೆನೋವು ಇದೆಯೇ? ಇದ್ದರೆ ಒಂದೇ ಬದಿಗೋ, ನಡುವೆಯೋ? ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆಯೇ? ಭುಜ ನೋಯುತ್ತಿದೆಯೇ?

ಸುರತ್ಕಲ್‌ನಿಂದ: ಬಲಗಡೆ ಕೆಳಹೊಟ್ಟೆ ನಿನ್ನೆಯಿಂದ ಎಳೆದ ಹಾಗೆ ನೋಯುತ್ತದೆ. ಬಲಭುಜವೂ ನೋಯುತ್ತಿದೆ, ಮಲಗಿದರೆ ಹೆಚ್ಚಾಗುತ್ತದೆ. ಬಗ್ಗಿ ಕುಳಿತು ಬೀಡಿ ಕಟ್ಟುತ್ತೇನಲ್ಲ, ಅದರಿಂದ ಎಂದುಕೊಂಡೆ.

ಡಾಕ್ಟರ್: ಈಗಲೇ ಹೊರಡಿ. ನಾಳೆ ಬೆಳಿಗ್ಗೆಗೆ ಇಡಬೇಡಿ. ಒಬ್ಬರೇ ಬಸ್ಸಿನಲ್ಲಿ ಹೋಗಬೇಡಿ. ಮನೆಯವರನ್ನು ಕರೆದುಕೊಳ್ಳಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಸ್ಕ್ಯಾನ್, ಆಪರೇಷನ್ ಥಿಯೇಟರ್, ರಕ್ತದ ವ್ಯವಸ್ಥೆ ಮೂರೂ ಇರುವ ಆಸ್ಪತ್ರೆಗೇ ಹೋಗಬೇಕು. ಖರ್ಚಿನ ಚಿಂತೆಯಿದ್ದರೆ ಲೇಡಿಗೋಷನ್ ಸರ್ಕಾರಿ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಏನೂ ತಿನ್ನಬೇಡಿ, ಕುಡಿಯಬೇಡಿ. ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಖಾಲಿ ಇರಬೇಕು.

ಉಳಿದವರಿಗಾಗಿ ಕಾರಣ ಹೇಳುತ್ತೇನೆ. ಎರಡು ಗೆರೆ ಬಂದರೆ ಗರ್ಭ ನಿಂತಿದೆ ಎಂದಷ್ಟೇ ತಿಳಿಯುತ್ತದೆ, ಎಲ್ಲಿ ನಿಂತಿದೆ ಎಂದು ತಿಳಿಯುವುದಿಲ್ಲ. ನೂರರಲ್ಲಿ ಒಂದೆರಡು ಗರ್ಭಗಳು ಗರ್ಭಕೋಶದ ಹೊರಗೆ ನಿಲ್ಲುತ್ತವೆ, ಅವುಗಳಲ್ಲಿ ಬಹುತೇಕ ಎಲ್ಲವೂ ಗರ್ಭನಾಳದಲ್ಲಿ. ನಾಳ ತೀರಾ ಸಣ್ಣದು, ಹಿಗ್ಗುವಂಥದ್ದಲ್ಲ. ಗರ್ಭ ಬೆಳೆದಂತೆ ಅದು ಸೋರಲು ತೊಡಗುತ್ತದೆ ಅಥವಾ ಒಡೆಯುತ್ತದೆ, ರಕ್ತ ಹೊಟ್ಟೆಯೊಳಗೇ ತುಂಬುತ್ತದೆ. ಹೊರಗೆ ಕಾಣುವುದು ನಾಲ್ಕು ಹನಿ, ಒಳಗೆ ಲೀಟರ್‌ಗಟ್ಟಲೆ ಇರಬಹುದು. ಆ ರಕ್ತ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಮುಟ್ಟು ತಪ್ಪಿದವರಿಗೆ ಹೊಟ್ಟೆಯ ಜೊತೆಗೆ ಭುಜ ನೋಯುತ್ತಿದ್ದರೆ ಅದನ್ನು ಕೆಲಸದ ನೋವು ಎಂದು ತಳ್ಳಿಹಾಕಬೇಡಿ.

ಸ್ಕ್ಯಾನ್ ಎಕ್ಸ್‌ರೇ ಅಲ್ಲ, ಅದು ಶಬ್ದದ ಅಲೆ. ಆರೇಳನೆಯ ವಾರದಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಮಗುವಿಗೆ ತಗಲುವುದಿಲ್ಲ, ರಕ್ತಸ್ರಾವ ತರುವುದೂ ಇಲ್ಲ.

ಕಾರ್ಕಳದಿಂದ: ನನಗೂ ರಕ್ತ ಕಂಡಿತ್ತು, ಈಗ ನಿಂತಿದೆ. ಮುಟ್ಟಿನ ಲೆಕ್ಕದಲ್ಲಿ ಎಂಟು ವಾರ. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಗೆ 9 ಮಿಲಿಮೀಟರ್‌ನ ಚೀಲ ಮಾತ್ರ ಇದೆ, ಮಗುವಿನ ಹೃದಯಬಡಿತ ಇಲ್ಲ, ಕ್ಲೀನ್ ಮಾಡಿಸಿ ಎಂದರು. ನನಗೆ ಪಿಸಿಒಎಸ್ (ಹಾರ್ಮೋನ್ ಏರುಪೇರಿನ ತೊಂದರೆ) ಇದೆ, ಮುಟ್ಟು 45 ದಿನಕ್ಕೊಮ್ಮೆ. ಏನು ಮಾಡಲಿ?

ಡಾಕ್ಟರ್: ದಯವಿಟ್ಟು ಇಂದೇ ಕ್ಲೀನ್ ಮಾಡಿಸಬೇಡಿ. ಎಂಟು ವಾರ ಎಂಬ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರದು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು. ನಿಮಗೆ ಅದು ಎರಡು ವಾರಕ್ಕೂ ಹೆಚ್ಚು ತಡವಾಗಿ ಆಗಿರುತ್ತದೆ. ಹಾಗಾಗಿ ನಿಮ್ಮ ಗರ್ಭಕ್ಕೆ ಬಹುಶಃ ಐದೂವರೆ ವಾರ, ಆ ಹೊತ್ತಿಗೆ 9 ಮಿಲಿಮೀಟರ್‌ನ ಚೀಲ ಸರಿಯಾಗಿಯೇ ಇದೆ. ಹೃದಯಬಡಿತ ಕಾಣಿಸುವುದು ಆರನೆಯ ವಾರದ ಆಸುಪಾಸಿನಲ್ಲಿ.

ಒಂದೇ ಸ್ಕ್ಯಾನ್‌ನಲ್ಲಿ ಗರ್ಭದ ಬೆಳವಣಿಗೆ ನಿಂತುಹೋಗಿದೆ ಎನ್ನಲು ಅಳತೆಗಳಿವೆ. ಚೀಲ 25 ಮಿಲಿಮೀಟರ್ ಆಗಿಯೂ ಒಳಗೆ ಭ್ರೂಣ ಇಲ್ಲದಿರಬೇಕು, ಇಲ್ಲವೇ ಭ್ರೂಣ 7 ಮಿಲಿಮೀಟರ್ ಬೆಳೆದೂ ಬಡಿತ ಇರಬಾರದು. ಅದಕ್ಕಿಂತ ಚಿಕ್ಕದಾಗಿದ್ದರೆ ಕಾಯಬೇಕು. ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ. ಚೀಲ ಗರ್ಭಕೋಶದ ಒಳಗೇ ಕಂಡಿರುವುದರಿಂದ, ಜ್ವರ, ವಿಪರೀತ ನೋವು, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಇಲ್ಲದಿದ್ದರೆ ಕಾಯುವುದರಿಂದ ನಿಮಗೆ ಕೇಡಿಲ್ಲ. ಬೇಕಿದ್ದ ಮಗುವನ್ನು ಲೆಕ್ಕದ ತಪ್ಪಿನಿಂದ ಕಳೆದುಕೊಳ್ಳುವ ಹಾಗಾಗಬಾರದು. ಈ ವಿಷಯದಲ್ಲಿ ಅವಸರ ಮಾಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಎರಡನೆಯ ಸ್ಕ್ಯಾನ್‌ನಲ್ಲೂ ಬೆಳವಣಿಗೆ ಇಲ್ಲದಿದ್ದರೆ ತಾನಾಗಿ ಹೋಗಲು ಬಿಡಬಹುದು, ಮಾತ್ರೆ ಇಡಬಹುದು, ಸಣ್ಣ ಕೊಳವೆಯಿಂದ ಹೀರಿ ತೆಗೆಯಬಹುದು. ಯಾವುದು ಎಂಬುದನ್ನು ನೀವೂ ಸೇರಿ ತೀರ್ಮಾನಿಸಬೇಕು.

ಕಾರ್ಕಳದಿಂದ: ಅಲ್ಲಿಯವರೆಗೆ ಪೂರ್ತಿ ಮಲಗಿರಬೇಕೇ?

ಡಾಕ್ಟರ್: ಬೇಡ. ಮಲಗಿದ್ದರೆ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ದಿನದ ಸಾಧಾರಣ ಕೆಲಸ ಮಾಡಿ, ಫೋಲಿಕ್ ಆಮ್ಲದ ಮಾತ್ರೆ ಬಿಡಬೇಡಿ. ಮೊದಲ ಮೂರು ತಿಂಗಳಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ರಕ್ತ ಕಾಣಿಸಿಕೊಳ್ಳುತ್ತದೆ, ಅವರಲ್ಲಿ ಬಹಳಷ್ಟು ಮಂದಿಗೆ ಗರ್ಭ ಮುಂದುವರಿಯುತ್ತದೆ.

ಪುತ್ತೂರಿನಿಂದ: ಮೇಡಂ, ಎರಡು ಬಾರಿ ಎಂಟು-ಒಂಬತ್ತು ವಾರಕ್ಕೆ ಗರ್ಭ ಹೋಯಿತು. ಮೊದಲನೆಯದಕ್ಕೆ ನಾನು ಸ್ಕೂಟರ್ ಓಡಿಸಿದ್ದು ಕಾರಣ, ಎರಡನೆಯದಕ್ಕೆ ನೀರಿನ ಕೊಡ ಎತ್ತಿದ್ದು ಎನ್ನುತ್ತಾರೆ. ನಾಗದೋಷ ಇದೆ, ಆಶ್ಲೇಷಾ ಬಲಿ ಮಾಡಿಸಬೇಕು ಎಂದೂ ಹೇಳುತ್ತಿದ್ದಾರೆ. ತಲೆಯೇ ಓಡುತ್ತಿಲ್ಲ.

ಡಾಕ್ಟರ್: ಸ್ಕೂಟರ್ ಅಲ್ಲ, ಕೊಡವೂ ಅಲ್ಲ. ಇದನ್ನು ಮನೆಯವರಿಗೂ ಓದಿ ಹೇಳಿ. ಇಷ್ಟು ಬೇಗ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ಸಂಖ್ಯೆಯಲ್ಲಿ ಆದ ವ್ಯತ್ಯಾಸ. ಅದು ಅಂಡ ಮತ್ತು ವೀರ್ಯಾಣು ಕೂಡುವ ಹೊತ್ತಿಗೇ ಆಗಿಹೋಗಿರುತ್ತದೆ. ಆಮೇಲೆ ನೀವು ಏನು ಎತ್ತಿದರೂ ಇಳಿಸಿದರೂ ಅದು ಬದಲಾಗುವುದಿಲ್ಲ.

ಪೂಜೆ ನಿಮ್ಮ ನಂಬಿಕೆಗೆ ಬಿಟ್ಟದ್ದು, ಅದರಿಂದ ಮನಸ್ಸಿಗೆ ಧೈರ್ಯ ಬರುವುದಾದರೆ ಮಾಡಿಸಿ. ಆದರೆ ಪರೀಕ್ಷೆಗಳನ್ನು ಅದಕ್ಕಾಗಿ ಮುಂದೆ ಹಾಕಬೇಡಿ. ಎರಡು ಬಾರಿ ಹೋದಮೇಲೆ ಕಾರಣ ಹುಡುಕಲು ಆರಂಭಿಸಬಹುದು: ಥೈರಾಯ್ಡ್, ಸಕ್ಕರೆ, ಗರ್ಭಕೋಶದೊಳಗೆ ಪರದೆಯೋ ಗಡ್ಡೆಯೋ ಇದೆಯೇ ಎಂದು ತಿಳಿಯಲು ಸ್ಕ್ಯಾನ್, ಮುಖ್ಯವಾಗಿ ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಆ್ಯಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ರಕ್ತಪರೀಕ್ಷೆ. ಈ ಕೊನೆಯದು ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳಬೇಕು. ಇದನ್ನು ಒತ್ತಿ ಹೇಳುವುದೇಕೆಂದರೆ, ಇದಕ್ಕೆ ಚಿಕಿತ್ಸೆ ಇದೆ. ಕಡಿಮೆ ಪ್ರಮಾಣದ ಆ್ಯಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದಿನಿಂದ ಎಷ್ಟೋ ಮಂದಿಗೆ ಗರ್ಭ ಉಳಿದಿದೆ. ಎಲ್ಲ ಪರೀಕ್ಷೆಗಳೂ ಸರಿ ಬಂದರೆ ಅದೂ ಒಳ್ಳೆಯ ಸುದ್ದಿಯೇ, ಅಂಥವರಲ್ಲಿ ಹೆಚ್ಚಿನವರು ಮುಂದೆ ತಾಯಿಯಾಗುತ್ತಾರೆ.

ಬೈಂದೂರಿನಿಂದ: ಒಂಬತ್ತನೆಯ ವಾರ. ಕುಚ್ಚಲಕ್ಕಿ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಬಸುರಿಗೆ ವಾಂತಿ ಸಹಜ ಎನ್ನುತ್ತಾರೆ.

ಡಾಕ್ಟರ್: ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡು ಹಳದಿಯಾಗಿದ್ದರೆ, ಗರ್ಭಕ್ಕೆ ಮುಂಚಿನ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದಿದ್ದರೆ ಅದು ಸಹಜ ವಾಂತಿ ಅಲ್ಲ. ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ಮಾತ್ರೆ ಗರ್ಭಿಣಿಯರಿಗೆ ಸುರಕ್ಷಿತ. ಡ್ರಿಪ್ ಹಾಕುವ ಸ್ಥಿತಿ ಬಂದರೆ ಗ್ಲೂಕೋಸ್‌ಗೆ ಮೊದಲು ಬಿ1 ಜೀವಸತ್ವ ಕೊಡಬೇಕು, ಇಲ್ಲದಿದ್ದರೆ ಮೆದುಳಿಗೆ ಅಪಾಯ. ವಾರಗಟ್ಟಲೆ ವಾಂತಿ ಮಾಡಿದವರು ಇದನ್ನು ಕೇಳಿ ತಿಳಿದುಕೊಳ್ಳಿ. ಸ್ಕ್ಯಾನ್ ಆಗಿರದಿದ್ದರೆ ಮಾಡಿಸಿ. ಅವಳಿ ಇದ್ದರೂ, ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಮೋಲಾರ್ ಗರ್ಭ ಇದ್ದರೂ ವಾಂತಿ ವಿಪರೀತವಾಗುತ್ತದೆ.

ಸುರತ್ಕಲ್‌ನಿಂದ: ಡಾಕ್ಟರೇ, ಅತ್ತಿಗೆಯ ಪರವಾಗಿ ನಾದಿನಿ ಬರೆಯುತ್ತಿದ್ದೇನೆ. ಬಲಗಡೆಯ ನಾಳದಲ್ಲಿ ಗರ್ಭ ಇದೆಯಂತೆ, ಹೊಟ್ಟೆಯಲ್ಲಿ ರಕ್ತವೂ ಇದೆ. ಲ್ಯಾಪರೋಸ್ಕೋಪ್‌ನಿಂದ ಆಪರೇಷನ್ ಮಾಡುತ್ತಾರೆ, ನಾಳ ತೆಗೆಯಬೇಕಾಗಬಹುದು ಎಂದರು. ಔಷಧದಲ್ಲಿ ಆಗುವುದಿಲ್ಲವೇ? ಅತ್ತಿಗೆ ಒಂದೇ ಸಮನೆ ಅಳುತ್ತಿದ್ದಾರೆ.

ಡಾಕ್ಟರ್: ಹೊತ್ತಿಗೆ ಸರಿಯಾಗಿ ತಲುಪಿದಿರಿ. ಮೆಥೋಟ್ರೆಕ್ಸೇಟ್ ಎಂಬ ಚುಚ್ಚುಮದ್ದು ಇದೆ. ಆದರೆ ಅದು ನಾಳ ಒಡೆಯದೆ, ನೋವು ಹೆಚ್ಚಿಲ್ಲದೆ, ರಕ್ತದಲ್ಲಿ ಗರ್ಭದ ಹಾರ್ಮೋನ್ ಆದ ಹೆಚ್‌ಸಿಜಿ ಪ್ರಮಾಣ ಕಡಿಮೆಯಿರುವವರಿಗೆ. ಹೊಟ್ಟೆಯಲ್ಲಿ ರಕ್ತ ಸೇರಿ ಭುಜ ನೋಯುತ್ತಿರುವಾಗ ಶಸ್ತ್ರಚಿಕಿತ್ಸೆಯೇ ಸರಿ, ಒಪ್ಪಿಗೆ ಕೊಡಿ. ಈ ಗರ್ಭವನ್ನು ಗರ್ಭಕೋಶಕ್ಕೆ ಸರಿಸುವ ದಾರಿ ಇಲ್ಲ.

ನಿಮ್ಮ ಅತ್ತಿಗೆಗೆ ಹೇಳಿ: ಹಣ್ಣಾದ ಪಪ್ಪಾಯಿಗೂ ಇದಕ್ಕೂ ಸಂಬಂಧವಿಲ್ಲ. ಹಾಲು ಸುರಿಯುವ ಕಾಯಿ ಪಪ್ಪಾಯಿ ಬೇಡ ಎನ್ನುತ್ತೇವೆ, ಆದರೆ ಅದೂ ಗರ್ಭವನ್ನು ನಾಳದಲ್ಲಿ ನಿಲ್ಲಿಸುವುದಿಲ್ಲ. ಎಡಗಡೆಯ ನಾಳ ಚೆನ್ನಾಗಿದ್ದರೆ ಮತ್ತೆ ಗರ್ಭ ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇದೆ. ಹತ್ತರಲ್ಲಿ ಒಬ್ಬರಿಗೆ ಮತ್ತೆ ಹೊರಗೆ ನಿಲ್ಲಬಹುದು, ಆದ್ದರಿಂದ ಮುಂದಿನ ಬಾರಿ ಆರನೆಯ ವಾರಕ್ಕೇ ಸ್ಕ್ಯಾನ್ ಮಾಡಿಸಬೇಕು. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ 72 ಗಂಟೆಯೊಳಗೆ ಕೊಡುವ ಆ್ಯಂಟಿ-ಡಿ ಚುಚ್ಚುಮದ್ದಿನ ಬಗ್ಗೆ ನೀವೇ ಕೇಳಿ. ಅಣ್ಣನಿಗೆ ಫೋನ್ ಮಾಡಿ ಅವರಿಬ್ಬರೂ ಮಾತನಾಡುವಂತೆ ಮಾಡಿ.

ಉಡುಪಿಯಿಂದ: ಈಗ ಮಗು ಬೇಡ. ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲೇ ತೆಗೆದುಕೊಳ್ಳಬಹುದೇ? ಆಸ್ಪತ್ರೆಗೆ ಹೋದರೆ ಗಂಡನ ಸಹಿ ಕೇಳುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆ.

ಡಾಕ್ಟರ್: ಮಾತ್ರೆ ಒಳ್ಳೆಯದೇ, ತೋರಿಸದೆ ತೆಗೆದುಕೊಳ್ಳುವುದು ಅಪಾಯ. ಒಂಬತ್ತು ವಾರದೊಳಗೆ ಮಾತ್ರೆಯಿಂದ ಗರ್ಭಪಾತ ಮಾಡಿಸಿಕೊಳ್ಳಬಹುದು. ಆದರೆ ಮೇಲೆ ಹೇಳಿದ ನಾಳದ ಗರ್ಭವನ್ನು ಈ ಮಾತ್ರೆಗಳು ತೆಗೆಯುವುದಿಲ್ಲ. ರಕ್ತ ಹೋಯಿತು, ಮುಗಿಯಿತು ಎಂದುಕೊಂಡಿರುವಾಗಲೇ ನಾಳ ಒಡೆಯಬಹುದು. ಅದಕ್ಕಾಗಿ ಮೊದಲು ತಪಾಸಣೆ, ಸ್ಕ್ಯಾನ್.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ 18 ತುಂಬಿದ ಮಹಿಳೆಯ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಕಿಲ್ಲ. 2021ರ ತಿದ್ದುಪಡಿಯಲ್ಲಿ ಗೌಪ್ಯತೆಯನ್ನೂ ಬಿಗಿಗೊಳಿಸಲಾಗಿದೆ. ನಿಮ್ಮ ವಿವರವನ್ನು ಕಾನೂನು ಅಧಿಕಾರ ಕೊಟ್ಟವರ ಹೊರತು ಬೇರೆ ಯಾರಿಗೆ ಹೇಳಿದರೂ ಶಿಕ್ಷೆ ಇದೆ. ಧೈರ್ಯವಾಗಿ ಹೋಗಿ.

ಮೂಡುಬಿದಿರೆಯಿಂದ: ಗರ್ಭಿಣಿಗೆ ಬಿಳಿಸೆರಗು ಹೋದರೆ ಮೈ ಕರಗುತ್ತದೆಯೇ?

ಡಾಕ್ಟರ್: ಇಲ್ಲ. ವಾಸನೆ, ತುರಿಕೆ ಇಲ್ಲದ ತೆಳು ಬಿಳಿಸೆರಗು ಗರ್ಭದಲ್ಲಿ ಹೆಚ್ಚಾಗುವುದು ಸಹಜ. ಮೊಸರಿನ ಹಾಗೆ ಗಟ್ಟಿಯಾಗಿ ತುರಿಸಿದರೆ ಅಥವಾ ಮೀನಿನ ವಾಸನೆ ಬಂದರೆ ತೋರಿಸಿ. ಒಳಗೆ ಡೆಟಾಲ್ ಹಾಕಿ ತೊಳೆಯಬೇಡಿ.

ಬಂಟ್ವಾಳದಿಂದ: ನಾನು ಆಶಾ ಕಾರ್ಯಕರ್ತೆ. ಮುಟ್ಟು ತಪ್ಪಿತೆಂದು ಯಾರಾದರೂ ಹೇಳಿದ ಕೂಡಲೇ ನಾನು ಏನೇನು ಕೇಳಬೇಕು?

ಡಾಕ್ಟರ್: ನಿಮ್ಮ ಪ್ರಶ್ನೆಗೆ ವಿಶೇಷ ಧನ್ಯವಾದ, ನಮಗಿಂತ ಮೊದಲು ಈ ಸುದ್ದಿ ತಿಳಿಯುವುದು ನಿಮಗೆ. ಕೊನೆಯ ಮುಟ್ಟಿನ ದಿನಾಂಕದ ಜೊತೆಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುತ್ತಿತ್ತು ಎಂದೂ ತಾಯಿ ಕಾರ್ಡಿನಲ್ಲಿ ಬರೆದಿಡಿ, ಕಾರ್ಕಳದವರ ಗೊಂದಲ ಅದರಿಂದಲೇ ತಪ್ಪುತ್ತದೆ. ರಕ್ತದ ಗುಂಪು ಗೊತ್ತಿಲ್ಲದಿದ್ದರೆ ಮೊದಲ ಭೇಟಿಯಲ್ಲೇ ಮಾಡಿಸಿ. ಹಿಂದೆ ನಾಳದ ಗರ್ಭ ಆಗಿತ್ತೇ, ಹೊಟ್ಟೆಯ ಆಪರೇಷನ್ ಆಗಿದೆಯೇ ಎಂದು ಕೇಳಿ. ಮಕ್ಕಳಾಗದ ಆಪರೇಷನ್ ಆದವರು ಅಥವಾ ವಂಕಿ (ಕಾಪರ್-ಟಿ) ಹಾಕಿಸಿಕೊಂಡವರು ಮುಟ್ಟು ನಿಂತಿದೆ ಎಂದರೆ ಹಗುರವಾಗಿ ನೋಡಬೇಡಿ. ಅಂಥವರಿಗೆ ಗರ್ಭ ನಿಲ್ಲುವುದೇ ಅಪರೂಪ, ನಿಂತರೆ ನಾಳದಲ್ಲಿ ನಿಂತಿರುವ ಸಾಧ್ಯತೆ ಹೆಚ್ಚು. ತೊಂದರೆ ಇಲ್ಲದವರನ್ನು ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ಉಚಿತ ತಪಾಸಣೆಗೆ ಕರೆದುಕೊಂಡು ಬನ್ನಿ. ನೋವು, ರಕ್ತ, ತಲೆಸುತ್ತು ಇರುವವರಿಗೆ 9ನೆಯ ತಾರೀಕು ಕಾಯಿಸಬೇಡಿ, ಅದೇ ದಿನ ಕಳುಹಿಸಿ.