ಎಲ್‌ಕೆಜಿಗೆ ಇನ್ನೂ ವಯಸ್ಸಾಗಿಲ್ಲ, ಈ ವರ್ಷ ಮಗಳನ್ನು ಎಲ್ಲಿಗೆ ಕಳಿಸಲಿ? (ಕಲಬುರಗಿ)

ಸೇಡಂ ರಸ್ತೆ ಅಮ್ಮ
ಮಗಳು ಅಕ್ಟೋಬರ್ ಕೊನೆಯಲ್ಲಿ ಹುಟ್ಟಿದವಳು. ಬರುವ ಜೂನ್ 1ಕ್ಕೆ ಮೂರು ವರ್ಷ ಏಳು ತಿಂಗಳು. ಒಂದು ಶಾಲೆಯವರು ನಾಲ್ಕು ತುಂಬದೆ ಎಲ್‌ಕೆಜಿಗೆ ತಗೊಳ್ಳಲ್ಲ ಅಂದರು. ಇನ್ನೊಂದು ಶಾಲೆಯವರು "ಸೇರಿಸಿಬಿಡಿ, ಒಂದನೇ ಕ್ಲಾಸಿನ ಹೊತ್ತಿಗೆ ಸರ್ಕಾರ ಸಡಿಲ ಮಾಡುತ್ತೆ" ಅಂತ ಫೀಸಿನ ಚೀಟಿ ಕೈಗಿಟ್ಟರು. ಅತ್ತೆಯವರು ಓಣಿಯ ಅಂಗನವಾಡಿಗೇ ಕಳಿಸು ಅಂತಾರೆ, ನಮ್ಮ ಮನೆಯವರದು ಪ್ಲೇಸ್ಕೂಲ್ ಹಟ. ಸುಮ್ನೆ ಮನೆಯಲ್ಲಿಟ್ಟುಕೊಂಡರೆ ದಿನವಿಡೀ ಮೊಬೈಲ್. ಏನು ಮಾಡಲಿ?

ತೊಗರಿನಾಡು
ಆ ಎರಡನೇ ಶಾಲೆಯವರ ಮಾತು ನಂಬಬೇಡಿ ಅಕ್ಕಾ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನೋದು ನಿಯಮ. 2025-26ರಲ್ಲಿ ಎಲ್‌ಕೆಜಿ, ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಿಗೆ ಇಳಿಸಿದ್ದು ನಿಜ, ಆದರೆ ಅದು ಆ ವರ್ಷದ ಮಾತು. ಅದನ್ನು ನಂಬಿ ಈಗಲೇ ಫೀಸು ಕಟ್ಟಿ, ಆಮೇಲೆ ಮಗು ಯುಕೆಜಿಯನ್ನೇ ಎರಡು ಸಲ ಓದುವ ಹಾಗಾದರೆ ಯಾರನ್ನು ಕೇಳ್ತೀರಿ? ನಮ್ಮ ಕಾಲದಲ್ಲಿ ಮಾಸ್ತರರು ಜೂನ್ 1 ಅಂತ ಬರೆದು ಎಲ್ಲರನ್ನೂ ಒಂದೇ ದಿನ ಹುಟ್ಟಿಸಿಬಿಡುತ್ತಿದ್ದರು, ಈಗ ಜನನ ಪ್ರಮಾಣಪತ್ರ ಬೇಕಲ್ಲ!

ಬೀದರ್ ಟೀಚರ್
ಮೂರು ವರ್ಷದ ಮಗು ಒಂದು ಗುಂಡಗಿನ ಗೆರೆ ಎಳೆದರೆ ದೊಡ್ಡದು. ಚೌಕ ನೋಡಿ ಬರೆಯೋದು ನಾಲ್ಕರ ಸುಮಾರಿಗೆ ಬರುತ್ತೆ, ತ್ರಿಕೋನಕ್ಕೆ ಐದಾಗಬೇಕು. ಬೆರಳಿಗೆ ಅಷ್ಟು ಶಕ್ತಿಯೇ ಇರಲ್ಲ. ಹಾಗಿರುವಾಗ ನಾಲ್ಕು ಗೆರೆ ನೋಟ್‌ಬುಕ್ ಕೊಟ್ಟು ಎ ಬಿ ಸಿ ಡಿ ತುಂಬಿಸುವ ಪ್ಲೇಸ್ಕೂಲ್ ಕಂಡರೆ ವಾಪಸ್ ಬಂದುಬಿಡಿ, ಗೋಡೆ ಮೇಲೆ ಎಷ್ಟು ಬಣ್ಣದ ಕಾರ್ಟೂನ್ ಇದ್ದರೂ ಅಷ್ಟೇ.

ನಮ್ಮೂರ ಅಂಗನವಾಡಿಯಲ್ಲಿ ಅಕ್ಕೋರು ತಟ್ಟೆಯಲ್ಲಿ ತೊಗರಿ, ಜೋಳ ಕಲಸಿ ಇಡುತ್ತಾರೆ. ಮಕ್ಕಳು ಚಾಪೆ ಮೇಲೆ ಕೂತು ನಾಲಿಗೆ ಹೊರಗೆ ಹಾಕಿಕೊಂಡು ಒಂದೊಂದೇ ಕಾಳು ಆರಿಸಿ ಬೇರೆ ಬೇರೆ ಬಟ್ಟಲಿಗೆ ಹಾಕ್ತಾವೆ. ಮುಂದೆ ಪೆನ್ಸಿಲ್ ಹಿಡಿಯೋ ಬೆರಳು ತಯಾರಾಗೋದು ಅಲ್ಲೇ. (ಮೂಗಿಗೆ ತುರುಕಿಕೊಳ್ಳುವವರೂ ಇರ್ತಾರೆ, ಎದುರಿಗೇ ಒಬ್ಬರು ಕೂತಿರಬೇಕು.) ಚಿಲಿಪಿಲಿ ಅಂತ ಅವರಿಗೆ ಅವರದೇ ಪಾಠಕ್ರಮವೂ ಇದೆ. ಊಟ, ಮೊಟ್ಟೆ, ಹಾಲು, ತೂಕ ನೋಡೋದು ಬೇರೆ. 1975ರಿಂದ ನಡೆದು ಬಂದ ಯೋಜನೆ, ಅಗ್ಗ ಅಂತ ಕಡೆಗಣಿಸಬೇಡಿ.

ಶಹಾಪುರದವ
ಅಕ್ಕೋರು ಇದ್ದರೆ ಸರಿ ಮೇಡಂ. ನಮ್ಮ ಓಣಿಯಲ್ಲಿ ಅವರು ಇವತ್ತು ಸರ್ವೇ, ನಾಳೆ ಮೀಟಿಂಗ್, ನಾಡಿದ್ದು ಮೊಬೈಲಲ್ಲಿ ಮಾಹಿತಿ ತುಂಬೋದು. ಉಳಿದದ್ದು ಸಹಾಯಕಿ ಒಬ್ಬರೇ, ಅವರು ಅಡುಗೆ ನೋಡಬೇಕಾ ಮಕ್ಕಳನ್ನಾ? ಬಾಡಿಗೆ ಕೋಣೆ, ಮೇಲೆ ಪತ್ರಾ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ. ತಪ್ಪು ಅವರದಲ್ಲ ಅಂತ ಗೊತ್ತು, ಆದರೆ ನಾವಿಬ್ಬರೂ ಕೆಲಸಕ್ಕೆ ಹೋಗೋರು, ಅದಕ್ಕೇ ಪ್ಲೇಸ್ಕೂಲಿಗೆ ಹಾಕಿದೆವು.

ತೊಗರಿನಾಡು
ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ ಸಿಗುತ್ತೆ ಅನ್ನೋದೂ ನೆನಪಿರಲಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸಾವಿರಕ್ಕೂ ಜಾಸ್ತಿ ಶಾಲೆಗಳಲ್ಲಿ 2024ರಲ್ಲಿ ಶುರು ಮಾಡೋಕೆ ಹೊರಟಾಗ, ನಮ್ಮ ಮಕ್ಕಳನ್ನೆಲ್ಲ ಅಲ್ಲಿಗೆ ಎಳಕೊಂಡರೆ ಅಂಗನವಾಡಿ ಖಾಲಿ ಅಂತ ಕಾರ್ಯಕರ್ತೆಯರು ಬೀದಿಗಿಳಿದಿದ್ದರು. ಅವರ ಮಾತಲ್ಲೂ ನ್ಯಾಯ ಇತ್ತು.

ಸೇಡಂ ರಸ್ತೆ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಫೀಸಿನ ಚೀಟಿ ವಾಪಸ್ ಕೊಡ್ತೀನಿ. ಸೋಮವಾರ ಅತ್ತೆಯವರ ಜೊತೆ ಅಂಗನವಾಡಿಗೆ ಹೋಗಿ ಒಂದು ತಾಸು ಕೂತು ನೋಡ್ತೀನಿ. ಬೀದರ್ ಟೀಚರ್, ಇನ್ನೊಂದು ಕೇಳ್ಲಾ? ಇವಳಿಗೆ ಇನ್ನೂ ಚಡ್ಡಿಯಲ್ಲೇ ಆಗಿಬಿಡುತ್ತೆ, ಅಲ್ಲಿ ಬೈತಾರಾ?

ಬೀದರ್ ಟೀಚರ್
ಬೈಯಲ್ಲ ರೀ. ಆ ವಯಸ್ಸಿನಲ್ಲಿ ಅದು ಮಾಮೂಲು. ಎರಡು ಜೊತೆ ಬಟ್ಟೆ ಚೀಲದಲ್ಲಿ ಹಾಕಿ ಕಳಿಸಿ. ಹೋದಾಗ ಬಚ್ಚಲಲ್ಲಿ ನೀರು ಬರುತ್ತಾ ನೋಡಿ.