ಮೇಲಿನ ಬಚ್ಚಲಿನಲ್ಲಿ ಬಿಸಿನೀರಿಗೆ ರಭಸವೇ ಇಲ್ಲ, ಪಂಪ್ ಹಾಕಿಸಬೇಕೇ?

ಪ್ರಶ್ನೆ (ತುಮಕೂರಿನಿಂದ)

ನಮ್ಮದು 1998ರಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ಬೋರ್‌ವೆಲ್ ನೀರು, ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳು. ತಾರಸಿಯಲ್ಲಿ ಮೂರಡಿ ಕಟ್ಟೆಯ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇದೆ. ಕೆಳಗಿನ ಅಡುಗೆಮನೆಯಲ್ಲಿ ನೀರು ಚೆನ್ನಾಗಿ ಬರುತ್ತದೆ. ಮೇಲಿನ ಬಚ್ಚಲಿನಲ್ಲಿ ತಣ್ಣೀರು ಪರವಾಗಿಲ್ಲ, ಬಿಸಿನೀರು ಮಾತ್ರ ದಾರದಂತೆ ಇಳಿಯುತ್ತದೆ. ಹೋದ ವರ್ಷ ಹೀಗಿರಲಿಲ್ಲ. ಅಮ್ಮನಿಗೆ ಭುಜದ ನೋವು, ಚೊಂಬು ಎತ್ತಿ ಸುರಿದುಕೊಳ್ಳಲಾಗುವುದಿಲ್ಲ, ಕೈಶವರ್ ಬೇಕೇ ಬೇಕು. ನೋಡಲು ಬಂದವರು ಪ್ರೆಶರ್ ಪಂಪ್ ಹಾಕಿಸಿ ಎಂದು ಹೇಳಿ ಹೋದರು. ಹಾಕಿಸಲೇ?

ಉತ್ತರ (ಹಾಸನದ ಪ್ಲಂಬರ್)

ದಯವಿಟ್ಟು ಈಗಲೇ ಪಂಪ್ ಕೊಳ್ಳಬೇಡಿ. ನೀವು ಬರೆದಿರುವುದರಲ್ಲೇ ಸುಳಿವಿದೆ: ಹೋದ ವರ್ಷ ಸರಿಯಿತ್ತು, ಈಗ ಬಿಸಿನೀರಿಗೆ ಮಾತ್ರ ತೊಂದರೆ. ಟ್ಯಾಂಕಿನ ಎತ್ತರ ಬದಲಾಗಿಲ್ಲ ತಾನೇ? ಅಂದರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ.

ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು ಒಂದು ಬಾರ್ ಒತ್ತಡ. ನಿಮ್ಮ ಟ್ಯಾಂಕಿನ ತಳಕ್ಕೂ ಮೇಲಿನ ಶವರಿಗೂ ಏಳಡಿ ಅಂತರವಿದ್ದರೆ ಹೆಚ್ಚು, ಅಂದರೆ 0.2 ಬಾರ್. ಕೆಳಗಿನ ನಲ್ಲಿಗೆ ಅದರ ಎರಡು ಮೂರು ಪಟ್ಟು ಸಿಗುತ್ತದೆ. ಇಷ್ಟು ಕಡಿಮೆ ಒತ್ತಡದಲ್ಲಿ ಸಣ್ಣ ತಡೆಯೂ ದೊಡ್ಡದಾಗಿ ಕಾಣುತ್ತದೆ.

ಗಡಸು ನೀರು ಕಾದಷ್ಟೂ ಸುಣ್ಣ ಬಿಡುತ್ತದೆ. ಆದ್ದರಿಂದ ಮೊದಲು ಕಟ್ಟುವುದು ಗೀಸರ್ ಮತ್ತು ಅದರ ಸುತ್ತಲಿನ ಭಾಗಗಳು. ಗೀಸರಿಗೆ ತಣ್ಣೀರು ಒಳಹೋಗುವ ಜಾಗದಲ್ಲಿ ಸ್ಪ್ರಿಂಗ್ ಇರುವ ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಇರುತ್ತದೆ. ನನ್ನ ಅನುಮಾನ ಅದರ ಮೇಲೆಯೇ. ತಣ್ಣೀರು ತಳ್ಳಿದಷ್ಟೇ ಬಿಸಿನೀರು ಹೊರಬರುವುದರಿಂದ, ಒಳದಾರಿ ಕಟ್ಟಿದರೂ ಹೊರಗಿನ ನಲ್ಲಿಯೇ ಕೆಟ್ಟಿದೆ ಎನ್ನಿಸುತ್ತದೆ.

ಒಂದೇ ಎತ್ತರದ ತಣ್ಣೀರು ಮತ್ತು ಬಿಸಿನೀರಿನ ನಲ್ಲಿಗಳಿಂದ ಹತ್ತು ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ. ಬಳಿಕ ಗೀಸರಿನ ವಿದ್ಯುತ್ತನ್ನು ಮೇನ್ ಸ್ವಿಚ್ಚಿನಲ್ಲೇ ತೆಗೆದು, ನೀರು ತಣ್ಣಗಾದ ಮೇಲೆ, ಬಿಸಿನೀರು ಹೊರಬರುವ ಕೊಳವೆಯನ್ನು ಗೀಸರಿನ ಬಾಯಲ್ಲಿ ಬಿಚ್ಚಿಸಿ ಅಡಿಗೆ ಬಕೆಟ್ ಹಿಡಿಯಿರಿ. ಅಲ್ಲಿ ನೀರು ಚೆನ್ನಾಗಿ ಬಂದರೆ ತಡೆ ಮುಂದಿನ ಪೈಪಿನಲ್ಲಿ ಅಥವಾ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯಲ್ಲಿದೆ. ಅಲ್ಲೂ ಸಣ್ಣಗೆ ಬಂದರೆ ವಾಲ್ವ್ ಬಿಚ್ಚಿಸಿ. ಹೊಸದು ಹಾಕುವಾಗ ಒತ್ತಡ ಬಿಡುವ ಸೇಫ್ಟಿ ವಾಲ್ವನ್ನು ಯಾರೂ ಮುಚ್ಚದಂತೆ ನಿಂತು ನೋಡಿಕೊಳ್ಳಿ, ಅದು ಜೀವದ ಪ್ರಶ್ನೆ. ಗೀಸರ್ ಪೂರ್ತಿ ತುಂಬಿ ನಲ್ಲಿಯಲ್ಲಿ ನೀರು ಬಂದ ಮೇಲಷ್ಟೇ ಸ್ವಿಚ್ ಹಾಕಬೇಕು.

ತುಕ್ಕು ಹಿಡಿದ ಜಿಐ ಪೈಪಿಗೆ ಪಂಪಿನ ಒತ್ತಡ ಕೊಟ್ಟರೆ ಗೋಡೆಯೊಳಗಿನ ಜೋಡಣೆಗಳು ಸೋರಲು ಶುರುವಾಗಬಹುದು. ಆಗ ಖರ್ಚು ಟೈಲ್ಸ್ ಒಡೆಯುವವರೆಗೆ ಹೋಗುತ್ತದೆ.

ಉತ್ತರ (ದಾವಣಗೆರೆಯಿಂದ)

ಈಚೆಗೆ ಟ್ಯಾಂಕ್ ತೊಳೆಸಿದ್ದೀರಾ? ಖಾಲಿಯಾದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೂ ಹೀಗೆಯೇ ಆಗುತ್ತದೆ. ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ, ನೀರು ನಿಲ್ಲಿಸಲು ಚಕ್ರ ತಿರುಗಿಸುವ ಗೇಟ್ ವಾಲ್ವ್ ದಾಟಿದ ಮೇಲೆ, ಟ್ಯಾಂಕಿಗಿಂತ ಎತ್ತರಕ್ಕೆ ಬಾಯಿ ತೆರೆದ ಗಾಳಿಕೊಳವೆ ಇದೆಯೇ ನೋಡಿ. ಗೇಟ್ ವಾಲ್ವಿನ ಚಕ್ರ ತಿರುಗಿದರೂ ಒಳಗಿನ ಬಿಲ್ಲೆ ಮುರಿದು ಅಲ್ಲೇ ಕುಳಿತಿರುವುದೂ ಉಂಟು. ಆದರೆ ಹಾಗಾಗಿದ್ದರೆ ತಣ್ಣೀರೂ ಕಡಿಮೆಯಾಗಬೇಕಿತ್ತು.

ಪ್ರಶ್ನೆ ಕೇಳಿದವರು

ಟ್ಯಾಂಕ್ ತೊಳೆಸಿಲ್ಲ. ಬಕೆಟ್ ತುಂಬಲು ತಣ್ಣೀರಿಗೆ ಒಂದು ನಿಮಿಷವಾದರೆ ಬಿಸಿನೀರಿಗೆ ನಾಲ್ಕಕ್ಕೂ ಹೆಚ್ಚು ಹಿಡಿಯಿತು. ಗೀಸರಿನ ಬಾಯಲ್ಲೂ ನೀರು ಸಣ್ಣಗೇ ಇತ್ತು. ವಾಲ್ವ್ ಬಿಚ್ಚಿಸಿದಾಗ ಒಳಗಿನ ಸ್ಪ್ರಿಂಗ್ ಕಾಣದಷ್ಟು ಬಿಳಿ ಗಟ್ಟಿ ಕೂತಿತ್ತು. ಹೊಸ ವಾಲ್ವ್ ಹಾಕಿಸಿದ ಮೇಲೆ ಎರಡೂ ನಲ್ಲಿಗಳು ಹೆಚ್ಚುಕಡಿಮೆ ಸಮ. ಅಮ್ಮ ಸ್ಟೂಲಿನ ಮೇಲೆ ಕುಳಿತು ತಾವೇ ಸ್ನಾನ ಮಾಡಿದರು. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಶವರಿನ ರಭಸ ಇನ್ನೂ ಸ್ವಲ್ಪ ಹೆಚ್ಚಬೇಕೆಂದರೆ ಏನು ಮಾಡಬೇಕು?

ಉತ್ತರ (ಹಾಸನದ ಪ್ಲಂಬರ್)

ಅಮ್ಮನ ಸುದ್ದಿ ಓದಿ ಸಂತೋಷವಾಯಿತು. ಶವರ್ ತಲೆಯನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ ತೊಳೆಯಿರಿ. ಕಡಿಮೆ ಒತ್ತಡಕ್ಕೆಂದೇ ಮಾಡಿದ, ಒಳದಾರಿ ಅಗಲವಾಗಿರುವ ಕೈಶವರ್ ಸಿಗುತ್ತದೆ, ಅದನ್ನು ಕೇಳಿ ತನ್ನಿ. ಕೈಶವರನ್ನು ಕೆಳಗೆ ಹಿಡಿದಷ್ಟೂ ರಭಸ ಹೆಚ್ಚುತ್ತದೆ. ಮುಂದೆ ಪೈಪ್ ಬದಲಿಸುವಾಗ ಟ್ಯಾಂಕಿನಿಂದ ಮೇಲಿನ ಬಚ್ಚಲಿಗೆ ಬೇರೆಯದೇ ಒಂದಿಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪ್ ಎಳೆಸಿ, ತಿರುವುಗಳು ಕಡಿಮೆಯಿರಲಿ.