ಜೂನ್‌ನಲ್ಲಿ ಐದನೇ ತರಗತಿ, ಮರಾಠಿ ಒಂದಕ್ಷರವೂ ಬರಲ್ಲ

ದಾವಣಗೆರೆ ಟು ವಾಕಡ್: ನಮಸ್ಕಾರ. ಕಳೆದ ತಿಂಗಳು ಪುಣೆಗೆ ಬಂದೆವು. ಮಗಳು ಜೂನ್‌ನಲ್ಲಿ ಐದನೇ ತರಗತಿ. ಸ್ಟೇಟ್ ಬೋರ್ಡ್, ಇಂಗ್ಲಿಷ್ ಮೀಡಿಯಂ. ಊರಿನ ಶಾಲೆಯಲ್ಲಿ ಹಿಂದಿಯೇ ಶುರುವಾಗಿರಲಿಲ್ಲ, ಇಲ್ಲಿ ಮರಾಠಿ ಕಡ್ಡಾಯ. ಐದರಲ್ಲಿ ಫೇಲ್ ಮಾಡ್ತಾರೆ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ದಾರೆ. ಕೈಯಲ್ಲಿ ಆರು ವಾರ ಇದೆ. ಎಲ್ಲಿಂದ ಶುರು ಮಾಡಲಿ?

ಕೋಥರೂಡ್ ಟೀಚರ್: ಗಾಬರಿ ಬೇಡ ತಂಗಿ. ಕ ಖ ಗ ಘ ಕ್ರಮ ಅವಳಿಗೆ ಗೊತ್ತೇ ಇದೆ, ಬರೆಯುವ ರೂಪ ಮಾತ್ರ ಹೊಸದು. ದಿನಕ್ಕೆ ನಾಲ್ಕು ಅಕ್ಷರ ಸಾಕು. ಆಮೇಲೆ ಬಾರಾಖಡಿ, ಅಂದರೆ ನಮ್ಮ ಕಾಗುಣಿತ. ಬಾಲಭಾರತಿ ಅಂದರೆ ಇಲ್ಲಿನ ಪಠ್ಯಪುಸ್ತಕ ಸಂಸ್ಥೆ; ಅದರ ಒಂದನೇ, ಎರಡನೇ ತರಗತಿ ಪುಸ್ತಕ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಐದನೆಯದನ್ನು ಈಗಲೇ ಮುಟ್ಟಬೇಡಿ. ನಮ್ಮ ಮಕ್ಕಳು ಎಡವುವುದು ಲಿಂಗದಲ್ಲಿ. ನಮಗೆ ಬಾಗಿಲು, ಕುರ್ಚಿ, ಮನೆ ಎಲ್ಲಾ ‘ಅದು’. ಮರಾಠಿಯಲ್ಲಿ ದರವಾಜಾ ‘ತೋ’ (ಅವನು), ಖುರ್ಚಿ ‘ತೀ’ (ಅವಳು), ಘರ್ ‘ತೇ’ (ಅದು). ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸಿ. ನನ್ನ ಫ್ರಿಜ್ ಮೇಲೆ ಇನ್ನೂ ಒಂದು ಚೀಟಿ ಇದೆ, ಮಗ ಈಗ ಇಂಜಿನಿಯರ್!

ಡೊಂಬಿವಲಿ ಅಂಕಲ್: ಎಲ್ಲರೂ ಮರಾಠಿ ಮರಾಠಿ ಅಂತೀರಲ್ಲ, ಕನ್ನಡದ ಗತಿ ಏನು? ಐದನೇ ತರಗತಿಯಲ್ಲೇ ಕನ್ನಡ ಕೈ ಬಿಡುವುದು. ನಾನು ಕಣ್ಣಾರೆ ಕಂಡಿದ್ದೇನೆ. ಮುಂಬೈಗೆ ಬಂದಾಗ ಹಗಲು ಹೋಟೆಲ್ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ನಾವು ಹಾಗೆ ಓದಿದವರು. ನನ್ನ ಇಬ್ಬರು ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ನಮ್ಮ ಅವ್ವ ಬರೆದ ಕಾಗದಗಳು ಟ್ರಂಕಿನಲ್ಲಿವೆ. ನಾನು ಹೋದ ಮೇಲೆ ಯಾರು ಓದುತ್ತಾರೆ?

ಪಿಂಪಳೆ ಸೌದಾಗರ್ ಅಪ್ಪ: ಸರ್, ಅವರು ಕೇಳಿದ್ದು ಜೂನ್ ವಿಷಯ.

ಡೊಂಬಿವಲಿ ಅಂಕಲ್: ನಾನೂ ಅದನ್ನೇ ಹೇಳ್ತಿರೋದು.

ಗೋರೆಗಾಂವ್ ಅತ್ತೆ: ರಜೆಯಲ್ಲಿ ಮಗುವಿಗೆ ಮಾವಿನಹಣ್ಣು ತಿನ್ನಿಸಿ ಸಾಕು. ನನ್ನ ಮೊಮ್ಮಗ ಯಾವ ಟ್ಯೂಷನ್ನೂ ಇಲ್ಲದೆ ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾದ. (ಅವರಮ್ಮ ಬೆಳಗ್ಗೆ ಐದಕ್ಕೆ ಎಬ್ಬಿಸುತ್ತಿದ್ದಳು, ಅದು ಬೇರೆ ಮಾತು.)

ಪಿಂಪಳೆ ಸೌದಾಗರ್ ಅಪ್ಪ: ಫೇಲ್ ವಿಚಾರ ಅರ್ಧ ನಿಜ ಮೇಡಂ. ಐದು ಮತ್ತು ಎಂಟನೇ ತರಗತಿಗೆ ವಾರ್ಷಿಕ ಪರೀಕ್ಷೆ ಮಾಡಿ ತಡೆಹಿಡಿಯುವ ನಿಯಮವನ್ನು ರಾಜ್ಯ ಸರ್ಕಾರ 2023ರಲ್ಲಿ ತಂದಿತು. ಆದರೆ ಫೇಲಾದವರಿಗೆ ಮರುಪರೀಕ್ಷೆ ಇದೆ. ಅದರಲ್ಲೂ ಆಗದಿದ್ದರೆ ಮಾತ್ರ ಅದೇ ತರಗತಿ. ಕನ್ನಡ ಶಾಲೆಯಿಂದ ಬಂದ ಮಗು ಅಂತ ಮರಾಠಿ ಟೀಚರ್‌ಗೆ ಮೊದಲ ವಾರವೇ ಹೇಳಿಬಿಡಿ. ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿ. 29ಕ್ಕೆ ‘ಏಕೋಣತೀಸ್’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ, ಅನ್ನುತ್ತಾರೆ, ತರಕಾರಿ ಅಂಗಡಿಯಲ್ಲಿ ನಾನೇ ಇನ್ನೂ ತಡಬಡಿಸುತ್ತೇನೆ.

ಡೊಂಬಿವಲಿ ಅಂಕಲ್: ಇಪ್ಪತ್ತೊಂಬತ್ತು ಅನ್ನಲು ನಾಚಿಕೆಯಾ? ಬಾಲಭಾರತಿಯವರೇ ಕನ್ನಡ ಮಾಧ್ಯಮದ ಪುಸ್ತಕ ಮುದ್ರಿಸುತ್ತಾರೆ. ಅದನ್ನು ಯಾಕೆ ಯಾರೂ ಹೇಳಲಿಲ್ಲ?

ಗೋರೆಗಾಂವ್ ಅತ್ತೆ: ಅಂಕಲ್ ಹೇಳೋದೂ ಸರಿ. ನಮ್ಮ ಸೊಸೆ ಕನ್ನಡವೇ ಮಾತಾಡಲ್ಲ.

(ಇಲ್ಲಿಂದ ನಲವತ್ತು ಕಾಮೆಂಟು ಸೊಸೆಯಂದಿರ ಬಗ್ಗೆ.)

ದಾವಣಗೆರೆ ಟು ವಾಕಡ್: ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಅಕ್ಕಾ, ಇವತ್ತು ಬಾಗಿಲಿಗೆ ಚೀಟಿ ಅಂಟಿಸಿದೆವು. ಕಿಟಕಿ ‘ತೋ’ನಾ, ‘ತೀ’ನಾ?

ಡೊಂಬಿವಲಿ ಅಂಕಲ್: ಕಿಟಕಿ ‘ಅದು’ ಅಮ್ಮಾ.